ಕನ್ನಡಿಗೆ ಬೆನ್ನು ಹಾಕಿ

ಕಟಿಂಗ್ ಶಾಪಿನಿಂದ
ಜನವರಿ 9

ಚೂಟಿ,

ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಚೆನ್ನಾಗಿರಬೇಕು ಅಂತ ಬರೆದು ಕಾಲು ಹಾಳೆ ದಂಡ ಮಾಡುವವಳು ನಾನಲ್ಲ. ಯಾರಾದರೂ ಸತ್ತಿದ್ದರೆ ಮೊದಲ ಸಾಲಿನಲ್ಲೇ ತಿಳಿಸುತ್ತಿದ್ದೆ. ಯಾರೂ ಸತ್ತಿಲ್ಲ.

ನಿಮ್ಮಮ್ಮನಿಗೆ ನೀನು ಬರೆದ ಕಾಗದ ನೋಡಿದೆ. ಅದೂ ಒಂದು ಕಾಗದವೇನೇ? "ಊಟ ಪರವಾಗಿಲ್ಲ. ರೂಮು ಪರವಾಗಿಲ್ಲ. ಸಂದರ್ಶನದ ತಯಾರಿ ಪರವಾಗಿಲ್ಲ." ಅಷ್ಟೇ. ಚಿಕ್ಕಂದಿನಿಂದ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಬಂದ ಗಿರಾಕಿಗಳ ತಲೆಯೆಲ್ಲ ತಿಂದವಳು ನೀನು. ನಾನು ಕೂದಲು ಕತ್ತರಿಸುವುದಕ್ಕೆ ಮೊದಲೇ ಅರ್ಧ ತಲೆ ಖಾಲಿಯಾಗಿರುತ್ತಿತ್ತು. ಅಂಥವಳಿಗೆ ಈಗ ಮೂರು ಸಾಲಿಗೇ ಮಾತು ಮುಗಿದು ಹೋಯಿತಾ?

"ಪರವಾಗಿಲ್ಲ" ಅಂತ ಗಿರಾಕಿ ಯಾವಾಗ ಹೇಳುತ್ತಾನೆ ಗೊತ್ತಲ್ಲ? ಕಟಿಂಗ್ ಕೆಟ್ಟಾಗ. ಚೆನ್ನಾಗಿ ಬಂದಿದ್ದರೆ ಅವನು ತುಟಿ ಬಿಚ್ಚುವುದಿಲ್ಲ, ತಲೆಯನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡು ಕುಳಿತಿರುತ್ತಾನೆ. ಹಾಗಾಗಿ ನಿನ್ನ ಮೂರು ಪರವಾಗಿಲ್ಲಗಳಲ್ಲಿ ಒಂದಾದರೂ ಸುಳ್ಳು. ಊಟ, ರೂಮು ಹಾಳಾಗಿ ಹೋಗಲಿ. ಮೂರನೆಯದರ ವಿಷಯ ಬಾಯಿ ಬಿಡು.

ಮೆಡಿಕಲ್ ಕಾಲೇಜಿನ ಲಿಖಿತ ಪರೀಕ್ಷೆಯಲ್ಲಿ ನೀನು ತೆಗೆದ ಅಂಕಗಳನ್ನು ನಮ್ಮ ಕೋರ್ಟಿನ ಗುಮಾಸ್ತರು ಬೀದಿಯ ಉದ್ದಕ್ಕೂ ಸಾರಿಕೊಂಡು ಬಂದಿದ್ದಾರೆ. ಆಮೇಲೆ ನನ್ನ ಕುರ್ಚಿಯಲ್ಲಿ ಕೂತು, ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಅವರೇ ಹೇಳಿದರು: "ಅಕ್ಕ, ಅಂಕ ಇದ್ರೆ ಸಾಲ್ದು. ಸಂದರ್ಶನದಲ್ಲಿ ಮೂರು ಜನ ಡಾಕ್ಟರು ಕೂತಿರ್ತಾರೆ. ಅವರು ಬೇಡ ಅಂದ್ರೆ ಮುಗೀತು, ಮತ್ತೆ ಮುಂದಿನ ವರ್ಷ ಮೊದಲಿಂದ ಪರೀಕ್ಷೆ." ಅವರು ಹೇಳುವಾಗ ನನ್ನ ಕೈ ಅವರ ಗಂಟಲ ಹತ್ತಿರವೇ ಇತ್ತು. ಅವರ ಪುಣ್ಯ, ಗೀರಲಿಲ್ಲ.

ನಿಮ್ಮಮ್ಮ ನೂಲಿನ ಮಿಲ್ಲಿನಿಂದ ಬಂದು ನಿನ್ನ ಕಾಗದವನ್ನು ಓದಿ, ಮಡಚಿ, ದಿಂಬಿನ ಕೆಳಗೆ ಇಟ್ಟುಕೊಂಡಳು. ಅವಳು ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಕೇಳುವ ಕೆಲಸ ನನ್ನದು. ನಿಮ್ಮ ಹಾಸ್ಟೆಲಿನವರು ಫೋನುಗಳನ್ನು ಕಿತ್ತಿಟ್ಟುಕೊಂಡದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ನಾನು ದನಿ ಏರಿಸಿದರೆ "ಸಿಗ್ನಲ್ ಇಲ್ಲ ದೊಡ್ಡಮ್ಮ" ಅಂತ ಇಟ್ಟುಬಿಡುತ್ತೀಯ. ಕಾಗದದಲ್ಲಿ ಬಯ್ದರೆ ಎಲ್ಲಿಗೆ ಓಡುತ್ತೀಯ?

ಉತ್ತರ ಬರೆ. ಉದ್ದವಾಗಿ.

ಕೈಯಲ್ಲಿ ಕತ್ತರಿ ಹಿಡಿದು ಕಾಯುತ್ತಿರುವ,
ದೊಡ್ಡಮ್ಮ

&nbsp;

ಹಾಸ್ಟೆಲ್
ಜನವರಿ 19

ದೊಡ್ಡಮ್ಮ,

ಸರಿ, ಹೇಳುತ್ತೇನೆ. ಅಮ್ಮನಿಗೆ ಹೇಳಬೇಡ.

ಇಲ್ಲಿ ವಾರಕ್ಕೆರಡು ಸಲ ಅಭ್ಯಾಸಕ್ಕೆ ಅಂತ ಉತ್ತುತ್ತು ಸಂದರ್ಶನ ಮಾಡುತ್ತಾರೆ. ಉದ್ದನೆಯ ಮೇಜು, ಅದರ ಹಿಂದೆ ಮೂವರು ಮೇಷ್ಟ್ರುಗಳು, ಈ ಕಡೆ ಒಂಟಿ ಕುರ್ಚಿ. ಉತ್ತರಗಳೆಲ್ಲ ನನಗೆ ಗೊತ್ತು. ಡಾಕ್ಟರಾಗಿ ಯಾಕೆ ಓದಬೇಕು ಅಂದರೆ ಎರಡು ನಿಮಿಷ ತಡವರಿಸದೆ ಹೇಳುತ್ತೇನೆ. ಆದರೂ ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕೆಳಗಿರುವವಳು ನಾನೇ.

ಕಾರಣ ಕೇಳಿದರೆ ನಗುತ್ತೀಯ. ನಾನು ಅವರ ಮುಖ ನೋಡುವುದಿಲ್ಲವಂತೆ. ಅವರ ತಲೆಯ ಮೇಲೆ ಗೋಡೆಯಲ್ಲಿ ಏನೋ ನೇತುಹಾಕಿರುವ ಹಾಗೆ ಅಲ್ಲೇ ನೋಡಿಕೊಂಡು ಮಾತಾಡುತ್ತೇನಂತೆ. ಮೊನ್ನೆ ದೊಡ್ಡ ಮೇಷ್ಟ್ರು ಹಿಂದಕ್ಕೆ ತಿರುಗಿ ನೋಡಿ, "ಏನಮ್ಮ, ಹಲ್ಲಿ ಇದೆಯಾ ಅಲ್ಲಿ?" ಅಂತ ಕೇಳಿದರು. ಎಲ್ಲರೂ ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ನಿಧಾನವಾಗಿಯೇ ಹೇಳಿದರು: "ನೀನು ಹೇಳೋದೆಲ್ಲ ಸರಿ ಇದೆ. ಆದ್ರೆ ಬಾಯಿಪಾಠ ಒಪ್ಪಿಸಿದ ಹಾಗೆ ಕಾಣುತ್ತೆ. ರೋಗಿಯ ಮುಖ ನೋಡದವಳನ್ನ ಯಾರಮ್ಮ ಡಾಕ್ಟರ್ ಮಾಡ್ತಾರೆ?"

ನೋಡಲು ಪ್ರಯತ್ನಿಸಿದೆ ದೊಡ್ಡಮ್ಮ. ಮುಖ ನೋಡಿದರೆ ಮಾತು ನಿಲ್ಲುತ್ತದೆ, ಮಾತಾಡಿದರೆ ಕಣ್ಣು ಮೇಲಕ್ಕೆ ಹೋಗುತ್ತದೆ. ಎರಡರಲ್ಲಿ ಒಂದೇ ಬರುವುದು. ಯಾಕೆ ಹೀಗೆ ಅಂತ ನನಗೇ ಗೊತ್ತಿಲ್ಲ.

ಸಂದರ್ಶನ ಮಾರ್ಚ್ ತಿಂಗಳ ಮೊದಲ ವಾರ. ಪಕ್ಕದ ಕಾಲೇಜಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಕೋರ್ಸ್ ಇದೆಯಂತೆ, ಅದಕ್ಕೆ ಸಂದರ್ಶನ ಇಲ್ಲ. ಸುಮ್ಮನೆ ವಿಚಾರಿಸಿದೆ ಅಷ್ಟೇ.

ನಮ್ಮ ಬೀದಿಯ ಬೇಕರಿಯವರನ್ನು ಕೇಳಿದೆ ಅಂತ ಹೇಳು.

ನಿನ್ನ,
ಚೂಟಿ

&nbsp;

ಕಟಿಂಗ್ ಶಾಪಿನಿಂದ
ಜನವರಿ 25

ಚೂಟಿ,

ನಿಮ್ಮ ದೊಡ್ಡ ಮೇಷ್ಟ್ರಿಗೆ ಹೇಳು, ಈ ಕಡೆ ಬಂದರೆ ನನ್ನ ಅಂಗಡಿಗೆ ಬರಲಿ. ಹಲ್ಲಿ ಎಲ್ಲಿದೆ ಅಂತ ತೋರಿಸುತ್ತೇನೆ. ನನ್ನ ಕೂಸು ಬಾಯಿಪಾಠ ಒಪ್ಪಿಸುತ್ತದಾ? ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಪಕ್ಕದಲ್ಲಿ ಸೋಪಿನ ಬಟ್ಟಲು ಹಿಡಿದು ನಿಂತವಳು, ನನಗೆ ಅವರ ಪಾಠ ಗೊತ್ತಿಲ್ಲದೆ ಇರಬಹುದು, ಆದರೆ ನೀನು...

ಇಲ್ಲಿಗೆ ನಿಲ್ಲಿಸಿದ್ದೆ. ಗಿರಾಕಿ ಬಂದ. ಈಗ ಮತ್ತೆ ಬರೆಯುತ್ತಿದ್ದೇನೆ. ಮೇಲಿನ ಬೈಗಳನ್ನು ಹೊಡೆದು ಹಾಕುವುದಿಲ್ಲ, ಬರೆದದ್ದು ಬರೆದಾಯಿತು. ಆದರೆ ಮಧ್ಯೆ ಒಂದು ವಿಷಯ ನಡೆಯಿತು, ಕೇಳು.

ಕುರ್ಚಿಯಲ್ಲಿ ಬೇಕರಿಯವನು, ಬೆಂಚಿನ ಮೇಲೆ ಗುಮಾಸ್ತರು. ಗುಮಾಸ್ತರು ಮುಖ ಊದಿಸಿಕೊಂಡಿದ್ದರು.

"ಏನು ಸ್ವಾಮಿ, ಕೇಸು ಸೋತ್ರಾ?" ಅಂದೆ.

"ಮೊನ್ನೆ ಅಂಚೆ ಕಚೇರಿ ಮುಂದೆ ನಾನು ನಮಸ್ಕಾರ ಅಂದೆ. ನೀವು 'ಯಾರಪ್ಪ ನೀನು' ಅಂದ್ಬಿಟ್ಟು ಹೋದ್ರಿ."

"ಅದು ನೀವಾ? ಬೈತಲೆ ಈ ಕಡೆ ಇರೋದು ಆ ಕಡೆಗೆ ಹೋಗಿತ್ತು. ಬೇರೆ ಯಾರೋ ಅಂದ್ಕೊಂಡೆ."

"ನನ್ನ ಬೈತಲೆ ಎಲ್ಲಿಗೂ ಹೋಗಿಲ್ಲ ಅಕ್ಕ. ನೀವು ನನ್ನ ಎದುರಿಗೆ ಬಂದು ನೋಡಿದ್ದು ಅವತ್ತೇ ಮೊದಲು. ಇಷ್ಟು ವರ್ಷ ನೀವು ಮಾತಾಡಿರೋದು ಆ ಕನ್ನಡಿ ಒಳಗಿರೋ ಗುಮಾಸ್ತನ ಜೊತೆ."

ಬೇಕರಿಯವನು ನೊರೆಯೊಳಗಿಂದಲೇ ಕಿಸಕ್ಕನೆ ನಕ್ಕ. ನಾನು ನಗಲಿಲ್ಲ. ರೇಜರ್ ಕೆಳಗಿಟ್ಟು ಹಿಂದಕ್ಕೆ ತಿರುಗಿ ನೋಡಿದೆ. ನಿನ್ನ ಜಾಗ ಕಾಣಿಸಿತು, ಗೋಡೆಗೆ ಒರಗಿದ ಬೆಂಚಿನ ಮೂಲೆ. ಹೋಗಿ ಅಲ್ಲೇ ಕೂತೆ. ನೀನು ಮಗುವಾಗಿದ್ದಾಗ ಎಷ್ಟು ಎತ್ತರ ಇದ್ದೆಯೋ ಅಷ್ಟಕ್ಕೆ ತಲೆ ತಗ್ಗಿಸಿ ಮುಂದೆ ನೋಡಿದೆ. ಏನು ಕಾಣಿಸಿತು ಹೇಳಲಾ? ಮೊದಲು ಕುರ್ಚಿಯ ಬೆನ್ನು. ಅದರ ಮೇಲೆ ಗಿರಾಕಿಯ ತಲೆ. ಆ ತಲೆಯ ಮೇಲೆ ಕನ್ನಡಿ. ನಾನು ಕುರ್ಚಿಯ ಹತ್ತಿರ ನಿಂತರೆ ನನ್ನ ಬೆನ್ನು ನಿನ್ನ ಕಡೆಗೆ. ನನ್ನ ಮುಖ ಇದ್ದದ್ದು ಅಲ್ಲಿ, ಕೂತವನ ತಲೆಯ ಮೇಲೆ, ಗೋಡೆಯಲ್ಲಿ.

ಮಗ್ಗಿ ಒಪ್ಪಿಸಿದ್ದು, ಶಾಲೆಯ ಚಾಡಿ ಹೇಳಿದ್ದು, ಜ್ವರ ಬಂದಿದೆ ಅಂತ ಸುಳ್ಳು ಹೇಳಿದ್ದು, ಎಲ್ಲ ನೀನು ಅಲ್ಲಿಗೇ ಹೇಳಿದೆ. ನಾನೂ ಅಲ್ಲಿಂದಲೇ ಉತ್ತರ ಕೊಟ್ಟೆ. ಕುರ್ಚಿಯಲ್ಲಿ ಯಾರಾದರೂ ಕೂತರೆ ಅವರ ತಲೆಯ ಮೇಲೆ ನೋಡಿ ಮಾತಾಡಬೇಕು ಅಂತ ನಿನ್ನ ಕಣ್ಣಿಗೆ ಅಭ್ಯಾಸ ಆಗಿಹೋಗಿದೆ. ಇಷ್ಟೇ ಕಣೇ ನಿನ್ನ ರೋಗ. ಸುಳ್ಳೂ ಇಲ್ಲ, ಬಾಯಿಪಾಠವೂ ಇಲ್ಲ. ಪಾಪ, ನಿನ್ನ ಕಣ್ಣು ಆ ಮೇಷ್ಟ್ರ ತಲೆಯ ಮೇಲೆ ನನ್ನನ್ನು ಹುಡುಕುತ್ತಿದೆ.

ಬೆಂಚಿನ ಮೂಲೆಯಲ್ಲೇ ಕೂತು ಇದನ್ನೆಲ್ಲ ಬರೆದೆ. ಅರ್ಧ ಗಡ್ಡದ ಬೇಕರಿಯವನು ಬೊಬ್ಬೆ ಹೊಡೆದ ಮೇಲೆ ಎದ್ದೆ.

ಹತ್ತಿದ ಅಭ್ಯಾಸ ಬಿಡಿಸಬಹುದು. ಬಿಡಿಸುತ್ತೇನೆ. ಲ್ಯಾಬು ಗೀಬು ಅಂತ ಇನ್ನೊಂದು ಸಲ ಬರೆದರೆ ನೋಡು.

ದೊಡ್ಡಮ್ಮ

&nbsp;

ಕಟಿಂಗ್ ಶಾಪಿನಿಂದ
ಫೆಬ್ರವರಿ 7

ಚೂಟಿ,

ಉತ್ತರ ಬಂದಿಲ್ಲ. ಬರದಿದ್ದರೆ ಬಿಡು, ನಾನು ಬರೆಯುತ್ತೇನೆ.

ಕನ್ನಡಿಗೆ ಹೊದಿಕೆ ಹಾಕಿಬಿಟ್ಟೆ. ನೀನು ಚಿಕ್ಕವಳಿದ್ದಾಗ ಹೊದೆಯುತ್ತಿದ್ದ ಬಾತುಕೋಳಿಗಳ ಚಾದರ ಇತ್ತಲ್ಲ, ಅದನ್ನೇ ಈ ಗೋಡೆಯಿಂದ ಆ ಗೋಡೆಯ ತನಕ ಮೊಳೆ ಹೊಡೆದು ಎಳೆದು ಕಟ್ಟಿದ್ದೇನೆ. ನಿನಗೆ ಮಾಡು ಅಂತ ಹೇಳುವುದಕ್ಕೆ ಮುಂಚೆ ನಾನು ಮಾಡಿ ನೋಡಬೇಡವಾ?

ಮೊದಲ ದಿನ ಬೇಕರಿಯವನು ಬಂದು ಬಾಗಿಲಲ್ಲೇ ನಿಂತ.

"ಕನ್ನಡಿ ಒಡೀತಾ ಅಕ್ಕ?"

"ಇಷ್ಟು ದಿನ ನಿನ್ನ ಮುಖ ನೋಡಿ ನೋಡಿ ಸುಸ್ತಾಗಿದೆ. ಮಲಗಿದೆ. ಗಲಾಟೆ ಮಾಡದೆ ಕೂತ್ಕೋ."

"ಕಟಿಂಗ್ ಹೇಗೆ ಬಂತು ಅಂತ ನಾನು ಹೇಗೆ ನೋಡ್ಕೊಳ್ಳಲಿ?"

"ನಾನು ಹೇಳ್ತೀನಿ."

"ನೀವು ಯಾವತ್ತಾದ್ರೂ ಚೆನ್ನಾಗಿಲ್ಲ ಅಂತ ಹೇಳಿದ್ದುಂಟಾ?"

ಕೂರಿಸಿದೆ. ಎರಡೂ ಕಡೆ ಸಮ ಇದೆಯಾ ಅಂತ ನಾನು ಯಾವಾಗಲೂ ಕನ್ನಡಿಯಲ್ಲೇ ನೋಡುತ್ತಿದ್ದದ್ದು. ಆವತ್ತು ಮುಂದೆ ಬಂದು ನೋಡಬೇಕಾಯಿತು. ನನ್ನ ಕಣ್ಣೇ ನನಗೆ ಕೈಕೊಟ್ಟಿತು. ಒಂದು ಕಿವಿಯ ಪಕ್ಕ ಕೂದಲು ಕಿವಿಯ ಅರ್ಧಕ್ಕೆ ಬಂದು ನಿಂತಿತು, ಇನ್ನೊಂದು ಕಡೆ ಗದ್ದಕ್ಕೆ ಇಳಿಯುವ ಯೋಚನೆಯಲ್ಲಿತ್ತು. ನನಗೆ ಗೊತ್ತಾಗಲಿಲ್ಲ, "ರಾಜನ ಹಾಗೆ ಇದ್ದೀಯ" ಅಂತ ಹೇಳಿ ಕಳಿಸಿದೆ. ಅವನು ಅಂಗಡಿಗೆ ಹೋಗಿ ಕೇಕ್ ಇಡುವ ಗಾಜಿನ ಪೆಟ್ಟಿಗೆಯಲ್ಲಿ ನೋಡಿಕೊಂಡು, ಬೀದಿಯಲ್ಲಿ ಕಿರುಚುತ್ತಾ ವಾಪಸು ಓಡಿ ಬಂದ. ಹಿಂದೆ ಅವನ ಹೆಂಡತಿ, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು. "ಹಾಗೇ ಬಿಡಿ ಅಕ್ಕ, ಒಂದು ವಾರ ನೋಡ್ಕೊಂಡಿರ್ತೀನಿ" ಅಂದಳು. ಅವನು ಅವಳನ್ನು ಬಯ್ಯಲು ಹೋಗಿ, ತಾನೂ ನಕ್ಕುಬಿಟ್ಟ.

ಗುಮಾಸ್ತರು ಮಾತ್ರ ಖುಷಿಯಾಗಿದ್ದಾರೆ. ಎದುರಿಗೆ ನಿಂತು ಮಾತಾಡಿಸುತ್ತೇನೆ ಅಂತ ದಿನಾ ಬರುತ್ತಿದ್ದಾರೆ, ಕೆರೆಯಲು ಗಡ್ಡ ಇಲ್ಲದಿದ್ದರೂ.

"ನಿಮ್ಮ ಮುಂದಿನ ಹಲ್ಲು ಯಾವಾಗ ಬಿತ್ತು ಸ್ವಾಮಿ?" ಅಂದೆ.

"ನಾಲ್ಕು ವರ್ಷ ಆಯ್ತು ಅಕ್ಕ. ಇವತ್ತು ವಿಚಾರಿಸಿದ್ರಲ್ಲ, ಅಷ್ಟೇ ಸಾಕು."

ಭಾನುವಾರ ನಿಮ್ಮಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ನಾನು ಎದುರಿಗೆ ಕೂತೆ. ಟೀ ಆರುವ ತನಕ ಇಬ್ಬರೂ ಮುಖ ಮುಖ ನೋಡಬೇಕು, ಕಣ್ಣು ತಪ್ಪಿಸಿದವರು ಲೋಟ ತೊಳೆಯಬೇಕು ಅಂತ ಪಂದ್ಯ. ಅವಳು ಮೊದಲು ನಕ್ಕಳು. ಆಮೇಲೆ ನಗುವುದನ್ನು ನಿಲ್ಲಿಸಿ ಹತ್ತಿರ ಬಗ್ಗಿದಳು. "ಅಕ್ಕ, ನಿನ್ನ ಒಂದು ಕಣ್ಣಲ್ಲಿ ಚುಕ್ಕೆ ಇದೆ. ಕಂದು ಬಣ್ಣದ ಮಧ್ಯೆ, ಸಾಸಿವೆಗಿಂತ ಸಣ್ಣದು" ಅಂದಳು. ಒಟ್ಟಿಗೆ ಬೆಳೆದವರು ನಾವು. ಇಷ್ಟು ವಯಸ್ಸಾಗುವ ತನಕ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಯಾವ ಕಣ್ಣು ಅಂತ ನಿನಗೆ ಬರೆಯುವುದಿಲ್ಲ.

ಲೋಟ ನಾನೇ ತೊಳೆದೆ.

ಈಗ ನಿನ್ನ ಸರದಿ. ದಿನಕ್ಕೊಬ್ಬರ ಮುಖ ನೋಡಿ ಮಾತಾಡು. ವಾರ್ಡನ್, ಅಡಿಗೆಯವರು, ಬಸ್ಸಿನ ಕಂಡಕ್ಟರ್. ಅವರ ಮುಖದಲ್ಲಿ ನಿನಗೆ ಮುಂಚೆ ಗೊತ್ತಿಲ್ಲದ ಒಂದು ವಿಷಯ ಹುಡುಕಿ ನನಗೆ ಬರೆ. ಇದು ಅಪ್ಪಣೆ.

ಎದುರಿಗೆ ನಿಂತಿರುವ,
ದೊಡ್ಡಮ್ಮ

&nbsp;

ಕಟಿಂಗ್ ಶಾಪಿನಿಂದ
ಫೆಬ್ರವರಿ 18

ಚೂಟಿ,

ನಿಮ್ಮಮ್ಮ ಗುಟ್ಟು ಬಿಟ್ಟುಕೊಟ್ಟಳು. ಲ್ಯಾಬ್ ಕೋರ್ಸಿಗೆ ಅರ್ಜಿ ಹಾಕಿದ್ದೀಯಂತೆ. "ದೊಡ್ಡಮ್ಮನಿಗೆ ಹೇಳಬೇಡ" ಅಂತ ಅವಳಿಗೆ ಬರೆದೆಯಂತೆ. ನನಗೆ ಬರೆಯುವಾಗ "ಅಮ್ಮನಿಗೆ ಹೇಳಬೇಡ." ಒಳ್ಳೆಯ ವ್ಯವಹಾರ.

ಲ್ಯಾಬಿನ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಇಷ್ಟಪಟ್ಟು ಹೋಗುವುದಾದರೆ ನಾನೇ ಪೆಟ್ಟಿಗೆ ಹೊತ್ತು ಬಂದು ಬಿಟ್ಟು ಹೋಗುತ್ತಿದ್ದೆ. ನೀನು ಹೋಗುತ್ತಿರುವುದು ಅಲ್ಲಿ ಸೀಸೆಯನ್ನು ನೋಡಿಕೊಂಡು ಕೂರಬಹುದು, ಯಾರ ಮುಖವನ್ನೂ ನೋಡಬೇಕಾಗಿಲ್ಲ ಅಂತ. ಅಲ್ಲ ಅನ್ನು ನೋಡೋಣ.

ಸಿಟ್ಟಿನಲ್ಲಿ ಬೆಳಿಗ್ಗೆಯಿಂದ ಮೂವರು ಗಿರಾಕಿಗಳನ್ನು ಓಡಿಸಿದ್ದೇನೆ. ನಾಲ್ಕನೆಯವನನ್ನು ಓಡಿಸಲು ಆಗಲಿಲ್ಲ, ಅವನು ಓಡುವ ಗಾತ್ರದವನಲ್ಲ. ನಮ್ಮ ಲಾರಿ ಡ್ರೈವರು. ಬಾಗಿಲಲ್ಲಿ ನಿಂತರೆ ಅಂಗಡಿಗೆ ಕತ್ತಲಾಗುತ್ತದಲ್ಲ, ಅವನೇ. ಕೂತವನು ನಿನ್ನ ವಿಷಯವನ್ನೇ ಕೇಳಿದ: "ನನ್ನ ಡಾಕ್ಟರಮ್ಮ ಎಲ್ಲಿ?"

ನಿನಗೆ ನೆನಪಿದೆಯೋ ಇಲ್ಲವೋ. ಅವನು ಮೊದಲ ಸಲ ಬಂದಾಗ ನೀನಿನ್ನೂ ಹಾಲುಹಲ್ಲಿನವಳು. ಅಷ್ಟು ದೊಡ್ಡ ಆಳಿಗೆ ರೇಜರ್ ಕಂಡರೆ ಜೀವ ಹೋಗುತ್ತಿತ್ತು. ಕುತ್ತಿಗೆಗೆ ಬಟ್ಟೆ ಕಟ್ಟಿದ ಕೂಡಲೇ ಬೆವರು. ನಾನು "ಏನಯ್ಯ, ಎಮ್ಮೆಯಷ್ಟು ಇದ್ದೀಯ, ಹೆದರ್ತೀಯಾ" ಅಂತ ಬಯ್ದೆ, ಅವನು ಇನ್ನೂ ಬೆವೆತ. ಆಗ ನೀನು ಬೆಂಚಿನಿಂದ ಇಳಿದು ಹೋಗಿ, ಕನ್ನಡಿಯ ಕೆಳಗಿನ ಕಟ್ಟೆಗೆ ಒರಗಿ ಅವನ ಎದುರಿಗೆ ನಿಂತೆ. "ಮಾಮ, ನನ್ನನ್ನೇ ನೋಡು. ಈಗ ದೊಡ್ಡಮ್ಮ ಬ್ರಷ್ ಹಚ್ತಾಳೆ, ತಣ್ಣಗಿರುತ್ತೆ. ಈಗ ಕಿವಿ ಹತ್ರ ಕರಕರ ಅನ್ನುತ್ತೆ, ಅದು ಬರೀ ಸದ್ದು." ಒಂದೊಂದಕ್ಕೂ ಮುಂಚೆ ಹೇಳಿದೆ. ಮುಗಿಯುವ ತನಕ ಅವನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. ಅವನು ಅಲುಗಾಡದೆ ಕೂತ. ಆವತ್ತಿನಿಂದ ನೀನು ಅವನಿಗೆ ಡಾಕ್ಟರಮ್ಮ.

ಆವತ್ತು ನೀನು ಕನ್ನಡಿಗೆ ಬೆನ್ನು ಹಾಕಿ ನಿಂತಿದ್ದೆ ಚೂಟಿ. ಕನ್ನಡಿ ನೆನಪಿಗೂ ಬರಲಿಲ್ಲ. ನಿನಗೆ ಮುಖ ನೋಡಲು ಬರುತ್ತದೆ. ಬೇರೆಯವರು ಹೆದರಿದಾಗ ಬರುತ್ತದೆ, ನೀನೇ ಹೆದರಿದಾಗ ಹೋಗುತ್ತದೆ. ಆ ಮೇಜಿನ ಹಿಂದೆ ಕೂತ ಮೂವರು ಲಾರಿ ಡ್ರೈವರುಗಳು ಅಂತ ತಿಳಿದುಕೋ.

ಇಷ್ಟು ಹೇಳಿ ಮುಗಿಸುತ್ತೇನೆ. ಸಂದರ್ಶನಕ್ಕೆ ಹೋಗಿ ಬಿದ್ದರೆ ನಾನು ಒಂದು ಮಾತೂ ಆಡುವುದಿಲ್ಲ, ಊಟಕ್ಕೆ ಬಡಿಸುತ್ತೇನೆ. ಹೋಗದೆ ಇದ್ದರೆ ಜೀವಮಾನವಿಡೀ ಆಡುತ್ತೇನೆ. ನನ್ನ ಬಾಯಿ ನಿನಗೆ ಗೊತ್ತು.

ದೊಡ್ಡಮ್ಮ

&nbsp;

ಹಾಸ್ಟೆಲ್
ಫೆಬ್ರವರಿ 24

ದೊಡ್ಡಮ್ಮ,

ಲ್ಯಾಬಿನ ಅರ್ಜಿ ವಾಪಸು ತೆಗೆದುಕೊಂಡೆ.

ವಾರ್ಡನ್‌ಗೆ ಬೆಕ್ಕಿನ ಕಣ್ಣು. ಅಡಿಗೆಯವರ ಮೂಗಿನ ಪಕ್ಕ ಸುಟ್ಟ ಕಲೆ ಇದೆ, ಕೇಳಿದರೆ ಮದುವೆಗೆ ಮುಂಚಿನ ಕತೆ ಹೇಳಿದರು, ಬಸ್ ತಪ್ಪಿತು. ದೊಡ್ಡ ಮೇಷ್ಟ್ರಿಗೆ ಎರಡೂ ಹುಬ್ಬು ಸೇರಿಕೊಂಡಿವೆ. ಇಷ್ಟು ದಿನ ಅವರು ನನ್ನ ಮೇಲೆ ಸಿಟ್ಟಾಗಿದ್ದಾರೆ ಅಂದುಕೊಂಡಿದ್ದೆ, ಅದು ಬರೀ ಹುಬ್ಬು.

ಇನ್ನು ಬಯ್ಯಬೇಡ. ಅಥವಾ ಬಯ್ಯಿ, ಅಭ್ಯಾಸ ತಪ್ಪಬಾರದು.

ಚೂಟಿ

&nbsp;

ಹಾಸ್ಟೆಲ್
ಮಾರ್ಚ್ 6

ದೊಡ್ಡಮ್ಮ,

ಸಂದರ್ಶನ ಮುಗಿಯಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ಅಮ್ಮನಿಗೂ ಓದಿ ಹೇಳು, ಬೇಕರಿಯವರಿಗೂ, ಗುಮಾಸ್ತರಿಗೂ. ಹೇಗೂ ಹೇಳುತ್ತೀಯ.

ಒಳಗೆ ಹೋದೆ. ಅದೇ ಉದ್ದನೆಯ ಮೇಜು. ಮಧ್ಯದಲ್ಲಿ ಬಿಳಿಕೂದಲಿನ ದೊಡ್ಡ ಡಾಕ್ಟರು, ಒಂದು ಪಕ್ಕ ಕನ್ನಡಕದ ಮೇಡಂ, ಇನ್ನೊಂದು ಪಕ್ಕ ಮಾತೇ ಆಡದೆ ಬರೆದುಕೊಳ್ಳುವ ಒಬ್ಬರು. ಕೂತೆ. "ನಿಮ್ಮ ಬಗ್ಗೆ ಹೇಳಿ" ಅಂದರು. ಬಾಯಿ ತೆರೆದೆ, ಕಣ್ಣು ಸೀದಾ ಗೋಡೆಗೆ ಹೋಯಿತು. ಅಲ್ಲಿ ನೀನಿರಲಿಲ್ಲ, ಗಡಿಯಾರ ಇತ್ತು. ಗಡಿಯಾರಕ್ಕೆ ನಾನು ಓದಿದ ಶಾಲೆ, ತೆಗೆದ ಅಂಕ ಎಲ್ಲ ಒಪ್ಪಿಸಿದೆ. ಬರೆದುಕೊಳ್ಳುವವರು ಬರೆದುಕೊಂಡರು. ಮುಗಿಯಿತು, ಇನ್ನು ಎದ್ದು ಬರುವುದಷ್ಟೇ ಬಾಕಿ ಅನ್ನಿಸಿತು.

ಆಗ ಲಾರಿ ಡ್ರೈವರು ನೆನಪಾದರು. ಕಷ್ಟಪಟ್ಟು ಕಣ್ಣನ್ನು ಕೆಳಗೆ ಇಳಿಸಿದೆ. ಗಡಿಯಾರದಿಂದ ಬಿಳಿಕೂದಲಿಗೆ, ಅಲ್ಲಿಂದ ಹಣೆಗೆ, ಮೂಗಿಗೆ, ಗದ್ದಕ್ಕೆ. ಗದ್ದದ ಪಕ್ಕದಲ್ಲಿ ರಕ್ತ!

ಬೆಳಿಗ್ಗೆ ಅವಸರದಲ್ಲಿ ಗಡ್ಡ ಕೆರೆದುಕೊಂಡಿದ್ದಾರೆ ದೊಡ್ಡಮ್ಮ. ಒಣಗಿದ್ದ ಗಾಯ ಮತ್ತೆ ಬಿಟ್ಟುಕೊಂಡು, ಸಣ್ಣ ಗೆರೆ ಕುತ್ತಿಗೆಗೆ ಇಳಿದು, ಇನ್ನೇನು ಬಿಳಿ ಕಾಲರ್ ಮುಟ್ಟಬೇಕು. ಆ ಪಕ್ಕದಲ್ಲಿದ್ದವರು ತಲೆ ತಗ್ಗಿಸಿ ಬರೆಯುತ್ತಿದ್ದರು, ನೋಡಲಿಲ್ಲ. ನನಗೆ ನಮ್ಮ ಅಂಗಡಿಯಲ್ಲೇ ಇದ್ದ ಹಾಗಾಯಿತು. "ಸರ್, ರಕ್ತ ಬರ್ತಿದೆ. ಕಾಲರ್‌ಗೆ ತಾಗುತ್ತೆ, ಒತ್ತಿ ಹಿಡೀರಿ" ಅಂದೇಬಿಟ್ಟೆ.

ಅವರು ಗಾಬರಿಯಾಗಿ ಕರ್ಚೀಫು ತೆಗೆದು ಇನ್ನೊಂದು ಕೆನ್ನೆಗೆ ಒತ್ತಿಕೊಂಡರು.

"ಅಲ್ಲಲ್ಲ ಸರ್, ಈ ಕಡೆ" ಅಂತ ನನ್ನ ಗದ್ದ ಮುಟ್ಟಿ ತೋರಿಸಿದೆ. ಅವರು ಮತ್ತೆ ತಪ್ಪು ಕಡೆಗೇ ಹೋದರು.

"ಎಲ್ಲಮ್ಮ? ಇಲ್ಲಿ ಕನ್ನಡಿ ಬೇರೆ ಇಲ್ಲ" ಅಂದರು.

"ನಾನಿದ್ದೀನಲ್ಲ ಸರ್. ನನ್ನನ್ನೇ ಕನ್ನಡಿ ಅಂದ್ಕೊಳ್ಳಿ. ನಾನು ಕೈ ಇಟ್ಟ ಕಡೆಗೇ ನೀವೂ ಇಡಿ. ಇನ್ನೂ ಕೆಳಗೆ. ಹಾಂ, ಅಲ್ಲೇ. ಒತ್ತಿ. ತೆಗೆದು ತೆಗೆದು ನೋಡಬೇಡಿ."

ಹೇಳಿದ ಮೇಲೆ ನನಗೆ ಯಾರಿಗೆ ಏನು ಹೇಳಿದೆ ಅಂತ ಗೊತ್ತಾಗಿ ನಾಲಿಗೆ ಕಚ್ಚಿಕೊಂಡೆ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದರು. ದೊಡ್ಡ ಡಾಕ್ಟರು ಗದ್ದ ಹಿಡಿದುಕೊಂಡೇ, "ತೆಗೆದು ನೋಡಬೇಡಿ ಅಂತ ದಿನಾ ನಾನು ಎಲ್ಲರಿಗೂ ಹೇಳ್ತೀನಿ. ಹೇಳಿಸಿಕೊಂಡದ್ದು ಇವತ್ತೇ. ಇದನ್ನ ಎಲ್ಲಿ ಕಲಿತೆ?" ಅಂದರು.

ಹೇಳಿದೆ. ಬೆಂಚು, ಕುರ್ಚಿ, ಗೋಡೆಯಲ್ಲಿ ನಿನ್ನ ಮುಖ, ಬಾತುಕೋಳಿ ಚಾದರ, ಬೇಕರಿಯವರ ಕಿವಿ, ಎಲ್ಲ. ಅವರು ಒತ್ತಿಕೊಂಡದ್ದು ಸಡಿಲವಾಯಿತಾ ಅಂತ ನೋಡಿಕೊಂಡೇ ಮಾತಾಡಬೇಕಿತ್ತಲ್ಲ, ಹಾಗಾಗಿ ಕಣ್ಣು ಮೇಲಕ್ಕೆ ಹೋಗಲು ಪುರುಸೊತ್ತೇ ಆಗಲಿಲ್ಲ. ಆಮೇಲೆ ಮೇಡಂ ಕೇಳಿದರು: "ಅದೆಲ್ಲ ಸರಿ. ಡಾಕ್ಟರ್ ಯಾಕೆ ಆಗಬೇಕು ಅಂತಿದ್ದೀಯ?"

ಎರಡು ನಿಮಿಷದ ಉತ್ತರ ಬಾಯಿಯ ತುದಿಯಲ್ಲೇ ಇತ್ತು. ಅದನ್ನು ಹೇಳಲಿಲ್ಲ. ಮೇಡಂ ಕಣ್ಣು ನೋಡಿ ಹೇಳಿದೆ: "ಹೆದರಿದವರ ಎದುರಿಗೆ ನಿಂತು ಮಾತಾಡೋದು ನನಗೆ ಬರುತ್ತೆ ಮೇಡಂ. ಅದೊಂದೇ ಬರೋದು. ಮಿಕ್ಕಿದ್ದನ್ನ ನೀವು ಕಲಿಸಿಕೊಡಿ."

ಬರೆದುಕೊಳ್ಳುವವರು ಪೆನ್ನು ಕೆಳಗಿಟ್ಟರು. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಫಲಿತಾಂಶ ಬರುವುದು ಈ ತಿಂಗಳ ಕೊನೆಗೆ.

ನಿನ್ನ,
ಚೂಟಿ

&nbsp;

ಕಟಿಂಗ್ ಶಾಪಿನಿಂದ
ಮಾರ್ಚ್ 13

ಚೂಟಿ,

ಆ ಡಾಕ್ಟರು ಯಾವ ಬ್ಲೇಡು ಬಳಸುತ್ತಾರೆ ಅಂತ ಕೇಳಬೇಕಿತ್ತು. ಗದ್ದದ ಪಕ್ಕ ಕುಯ್ದುಕೊಂಡಿದ್ದಾರೆ ಅಂದರೆ ಕೂದಲಿನ ಎದುರು ದಿಕ್ಕಿಗೆ ಎಳೆದಿದ್ದಾರೆ. ಇರಲಿ, ಅವರು ಹಾಗೆ ಮಾಡದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ.

ನಿನ್ನ ಕಾಗದವನ್ನು ಗುಮಾಸ್ತರು ಅಂಗಡಿಯಲ್ಲಿ ಎದ್ದು ನಿಂತು ಓದಿದರು, ಕೋರ್ಟಿನಲ್ಲಿ ತೀರ್ಪು ಓದುವ ಹಾಗೆ. ಬೇಕರಿಯವನು ತನ್ನ ಕಿವಿಯ ವಿಷಯ ಮೆಡಿಕಲ್ ಕಾಲೇಜಿನ ತನಕ ಹೋಯಿತು ಅಂತ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾನೆ. ನಿಮ್ಮಮ್ಮ ಬೆಂಚಿನ ಮೂಲೆಯಲ್ಲಿ, ನಿನ್ನ ಜಾಗದಲ್ಲೇ ಕೂತು ಕೇಳಿಸಿಕೊಂಡಳು. "ಹೆದರಿದವರ ಎದುರಿಗೆ" ಅನ್ನುವಲ್ಲಿಗೆ ಬಂದಾಗ ಗುಮಾಸ್ತರ ಕೈಯಿಂದ ಕಾಗದ ಇಸಿದುಕೊಂಡು, ಆ ಸಾಲನ್ನು ತಾನೇ ಇನ್ನೊಮ್ಮೆ ಓದಿಕೊಂಡಳು.

ಸೀಟು ಸಿಕ್ಕಲಿ ಬಿಡಲಿ ಅಂತ ನಾನು ಹೇಳುವುದಿಲ್ಲ. ಸಿಗಬೇಕು. ಸಿಗದಿದ್ದರೆ ಆ ಮೂವರಿಗೂ ಒಂದು ಕಾಗದ ಬರೆಯುವುದಿದೆ.

ಚಾದರ ಹಾಗೇ ಇದೆ. ಈಗ ನನ್ನ ಕೈ ಸರಿಹೋಗಿದೆ, ಎರಡೂ ಕಿವಿ ಸಮ ಬರುತ್ತಿವೆ.

ದೊಡ್ಡಮ್ಮ

&nbsp;

ಕಟಿಂಗ್ ಶಾಪಿನಿಂದ
ಏಪ್ರಿಲ್ 1

ಚೂಟಿ,

ನಿನ್ನೆ ನೀನು ಹಾಸ್ಟೆಲಿನ ಆಫೀಸಿನಿಂದ ಫೋನ್ ಮಾಡಿ "ದೊಡ್ಡಮ್ಮ, ಸೀಟು ಸಿಕ್ತು" ಅಂದಾಗ ನಾನು ಏನೂ ಮಾತಾಡಲಿಲ್ಲ ಅಂತ ನಿನಗೆ ಬೇಸರವಾಯಿತಂತೆ. ನಿಮ್ಮಮ್ಮ ಹೇಳಿದಳು. "ಸಿಗ್ನಲ್ ಇಲ್ಲ" ಅಂತ ಫೋನನ್ನು ಅವಳ ಕೈಗೆ ಕೊಟ್ಟುಬಿಟ್ಟೆ.

ಸಿಗ್ನಲ್ ಇತ್ತು.

ಕುರ್ಚಿಯಲ್ಲಿ ಆಗ ಲಾರಿ ಡ್ರೈವರು ಕೂತಿದ್ದ. ನನ್ನ ಮುಖ ನೋಡಿ ಅವನು ಹೆದರಿಬಿಟ್ಟ. "ಏನಾಯ್ತು ಅಕ್ಕ, ಕೆಟ್ಟ ಸುದ್ದಿನಾ?" ಅಂದ. ಮೊದಲಿನ ಹಾಗೆ ಅವನ ಬೆನ್ನ ಹಿಂದೆ ನಿಂತಿದ್ದರೆ ತಲೆ ತಗ್ಗಿಸಿ ಹೇಗೋ ಮುಚ್ಚಿಕೊಳ್ಳುತ್ತಿದ್ದೆ. ಎದುರಿಗೆ ನಿಂತಿದ್ದೆನಲ್ಲ, ಮುಚ್ಚಿಕೊಳ್ಳಲು ಜಾಗ ಇರಲಿಲ್ಲ. "ನಿನ್ನ ಡಾಕ್ಟರಮ್ಮ ಇನ್ನು ನಿಜವಾದ ಡಾಕ್ಟರಮ್ಮ ಆಗ್ತಾಳೆ ಕಣೋ" ಅಂದೆ. ಅವನು ಅರ್ಧ ನೊರೆಯಲ್ಲೇ ಎದ್ದು, ಕುತ್ತಿಗೆಯ ಬಟ್ಟೆ ಹಾರಿಸಿಕೊಂಡು ಬೀದಿಗೆ ಓಡಿ, ಲಾರಿ ಹತ್ತಿ ಹಾರ್ನ್ ಒತ್ತಿದ. ಬಿಡಲೇ ಇಲ್ಲ. ಅಕ್ಕಪಕ್ಕದವರೆಲ್ಲ ಏನೋ ಅಪಘಾತ ಅಂತ ಓಡಿ ಬಂದರು. ಬಂದವರಿಗೆಲ್ಲ ಬೇಕರಿಯವನು ಕೇಕ್ ಹಂಚಿದ. ಗುಮಾಸ್ತರು ಆ ಹಲ್ಲಿಲ್ಲದ ಬಾಯನ್ನು ಪೂರ್ತಿ ತೆರೆದು ನಕ್ಕರು, ನಾನು ಎದುರಿಗೆ ನಿಂತು ನೋಡಿದೆ. ನಿಮ್ಮಮ್ಮ ಮಿಲ್ಲಿನ ಬಟ್ಟೆಯಲ್ಲೇ, ತಲೆಯ ತುಂಬ ಹತ್ತಿಯ ಚೂರು ಅಂಟಿಸಿಕೊಂಡು ಬೀದಿಯ ಮಧ್ಯೆ ನಿಂತಿದ್ದಳು. ಎಲ್ಲರೂ ಅವಳನ್ನು ಮಾತಾಡಿಸುವವರೇ. ಅವಳು ಎಲ್ಲರ ಮುಖ ನೋಡಿ ಉತ್ತರ ಕೊಡುತ್ತಿದ್ದಳು.

ಸಂಜೆ ಎಲ್ಲರೂ ಹೋದ ಮೇಲೆ, ಇನ್ನು ಸಾಕು ಅಂತ ಚಾದರಕ್ಕೆ ಕೈ ಹಾಕಿದೆ. ಬಿಚ್ಚಲಿಲ್ಲ. ಅದನ್ನು ನೀನು ಬಂದು ಬಿಚ್ಚಬೇಕು.

ಶನಿವಾರ ಬಸ್ಸು ಇಳಿದವಳು ಮನೆಗೆ ಹೋಗಬೇಡ, ಸೀದಾ ಅಂಗಡಿಗೆ ಬಾ. ಬೆಂಚಿನ ಮೇಲೆ ಕೂರುವ ಹಾಗಿಲ್ಲ. ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟಿದ್ದೇನೆ, ಅದರಲ್ಲಿ ಕೂತುಕೋ. ಹಾಸ್ಟೆಲಿನ ನೀರಿಗೆ ನಿನ್ನ ಜಡೆಯ ತುದಿಯೆಲ್ಲ ಸೀಳಿರುತ್ತದೆ, ಕತ್ತರಿಸಬೇಕು. ಆದರೆ ಮೊದಲು ನಾನು ಎದುರಿಗೆ ಬಂದು ನಿಲ್ಲುತ್ತೇನೆ. ಚುಕ್ಕೆ ನನ್ನ ಯಾವ ಕಣ್ಣಿನಲ್ಲಿದೆ ಅಂತ ನೀನು ಹೇಳಬೇಕು. ನಿಮ್ಮಮ್ಮನನ್ನು ಕೇಳಿಕೊಂಡು ಬಂದರೆ ಗೊತ್ತಾಗುತ್ತದೆ.

ಅವಸರ ಮಾಡಬೇಡ. ಚೆನ್ನಾಗಿ ನೋಡಿ ಹೇಳು. ನಾನು ಕದಲುವುದಿಲ್ಲ.

ನಿನ್ನ ಮೊದಲ ರೋಗಿ,
ದೊಡ್ಡಮ್ಮ